ಮಸ್ಕಿ ಹರಿದ ರಬ್ಬರ್ ಮೀನಿಗೆ ತೇಪೆ ಹಾಕೋದು ಹೇಗೆ?

ತುಂಗೆ ದಡ (ಸೇಂಟ್ ಪಾಲ್, ಮಿನ್ನೆಸೋಟ)

ಎಲ್ಲರಿಗೂ ನಮಸ್ಕಾರ. ಊರು ತೀರ್ಥಹಳ್ಳಿ ಕಡೆ. ಚಿಕ್ಕವನಿದ್ದಾಗ ಎರೆಹುಳು ಸಿಕ್ಕಿಸಿ ಗಾಳ ಹಾಕಿದ ಅನುಭವ ಬಿಟ್ಟರೆ ಬೇರೇನೂ ಇರಲಿಲ್ಲ. ಇಲ್ಲಿಗೆ ಬಂದ ಮೇಲೆ ಮಸ್ಕಿ ಮೀನಿನ ಹುಚ್ಚು ಹಿಡಿಯಿತು. ಇದು ಮೂರನೇ ವರ್ಷ.

ಕಳೆದ ಶನಿವಾರ ಸಂಜೆ ಮಿಲ್ ಲ್ಯಾಕ್ಸ್ ಕೆರೆಯಲ್ಲಿ ಒಂದು ಸಿಕ್ಕಿತು. ಬೋಟಿನ ಪಕ್ಕದಲ್ಲಿ ಎಂಟರ ಆಕಾರದಲ್ಲಿ ಗಾಳದ ಕೋಲು ಸುತ್ತಿಸುತ್ತಿದ್ದೆ, ಕೆಳಗಿನಿಂದ ಕಪ್ಪಗೆ ಏನೋ ಎದ್ದು ಬಂತು, ಬಾಯಿ ಹಾಕಿತು. 47 ಇಂಚು. ಇಲ್ಲಿ 54 ಇಂಚಿಗಿಂತ ಚಿಕ್ಕದನ್ನು ಇಟ್ಟುಕೊಳ್ಳುವ ಹಾಗೇ ಇಲ್ಲ. ದೊಡ್ಡದಾಗಿದ್ದರೂ ಬಿಡುತ್ತಿದ್ದೆ ಅನ್ನಿ. ಬಲೆಯೊಳಗೆ, ನೀರಿನಲ್ಲೇ ಇಟ್ಟುಕೊಂಡು ಕೊಕ್ಕೆ ಬಿಡಿಸಿ ಕಳಿಸಿಕೊಟ್ಟೆ.

ಮೀನು ಚೆನ್ನಾಗಿ ಹೋಯಿತು. ಮೀನಿಗೆ ಆಸೆ ತೋರಿಸೋಕೆ ಗಾಳಕ್ಕೆ ಕಟ್ಟುವ ನನ್ನ ರಬ್ಬರ್ ಮೀನು (ಲ್ಯೂರ್) ಚೆನ್ನಾಗಿಲ್ಲ. 16 ಇಂಚಿನದು, ಬಿಳಿ ಮೈ, ಉದ್ದ ಸುರುಳಿ ಬಾಲ. ಬಾಲದ ಬುಡ ಅರ್ಧ ಹರಿದು ಜೋತಾಡುತ್ತಿದೆ. ಹೊಟ್ಟೆಯಲ್ಲಿ ಎರಡು ಇಂಚು ಸೀಳು, ಒಳಗಿನ ತಂತಿ ಕಾಣುತ್ತಿದೆ. ಬೆನ್ನಿನ ಮೇಲೆ ಹಲ್ಲಿನ ಗೀರು ಎಷ್ಟಿವೆಯೋ ಲೆಕ್ಕವಿಲ್ಲ. ಸೂಪರ್ ಗ್ಲೂ ಹಾಕಿ ನೋಡಿದೆ. ಐದನೇ ಎಸೆತಕ್ಕೆ ಬಾಯಿ ಬಿಟ್ಟಿತು. ಹೊಸದು ತಗೊಂಡರೆ ಮತ್ತೆ ಮೂವತ್ತು ನಲವತ್ತು ಡಾಲರ್. ಇದನ್ನು ಸರಿ ಮಾಡಬಹುದಾ? ಮಾಡುವ ಹಾಗಿದ್ದರೆ ಎಲ್ಲಿಂದ ಶುರು ಮಾಡಲಿ?

ಸುಮ್ನೆ ಓದುವವ

ಶೀರ್ಷಿಕೆ ನೋಡಿ ರಾಯಚೂರು ಜಿಲ್ಲೆಯ ಮಸ್ಕಿ ಅಂದುಕೊಂಡು ಬಂದೆ. ಅಶೋಕನ ಶಾಸನ ಹರಿದುಹೋಯಿತಾ ಅಂತ ಗಾಬರಿಯಾಯಿತು. ಇದು ಯಾವ ಮೀನು ಸ್ವಾಮಿ?

ಗಾಳದಣ್ಣ (ಗ್ರೀನ್ ಬೇ, ವಿಸ್ಕಾನ್ಸಿನ್)

ಮಸ್ಕೆಲಂಜ್. ಓಜಿಬ್ವೆ ಮೂಲನಿವಾಸಿಗಳ ಮಾತಿನಿಂದ ಬಂದ ಹೆಸರು, ಬಾಯಲ್ಲಿ ಸವೆದು ಮಸ್ಕಿ ಆಗಿದೆ. ಮೊಸಳೆಯಂಥ ಮೂತಿ, ಬಾಯಿ ತುಂಬ ಸೂಜಿ ಹಲ್ಲು, ನಾಲ್ಕು ಅಡಿ ಮೈ. 1955ರಿಂದ ನಮ್ಮ ವಿಸ್ಕಾನ್ಸಿನ್‌ನ ರಾಜ್ಯ ಮೀನು. ಹೇವರ್ಡ್ ಊರಿನಲ್ಲಿ ಕಟ್ಟಡದಷ್ಟು ದೊಡ್ಡ ಮಸ್ಕಿ ಕಟ್ಟಿ ಇಟ್ಟಿದ್ದಾರೆ. ಮೆಟ್ಟಿಲು ಹತ್ತಿ ಅದರ ಬಾಯೊಳಗೆ ನಿಂತು ಫೋಟೊ ತೆಗೆಸಿಕೊಳ್ಳಬಹುದು. ಇದನ್ನು ಹತ್ತು ಸಾವಿರ ಎಸೆತದ ಮೀನು ಅಂತಾರೆ. ಅಂದರೆ ಅಷ್ಟು ಸಲ ಎಸೆದರೆ ಒಂದು ಸಿಗುತ್ತೆ ಅಂತ. ನನ್ನ ಹೆಂಡತಿ ಈ ಲೆಕ್ಕವನ್ನು ನಂಬುತ್ತಾಳೆ.

ತುಂಗೆ ದಡ ಅವರೇ, ಮೊದಲು ಅಭಿನಂದನೆ. ಬೋಟಿನ ಪಕ್ಕದಲ್ಲಿ ಹಿಡಿದ ಮೊದಲ ಮೀನು ಯಾರೂ ಮರೆಯಲ್ಲ.

ಈಗ ಕೆಲಸದ ಮಾತು. ಸೂಪರ್ ಗ್ಲೂ ಒಣಗಿದರೆ ಗಾಜಿನ ಹಾಗೆ ಗಡುಸು. ರಬ್ಬರ್ ಬಳುಕುತ್ತೆ, ಅಂಟು ಬಳುಕಲ್ಲ. ಅದಕ್ಕೇ ಬಿರುಕು ಬಿಡುತ್ತೆ. ಕಣ್ಣು ಕಿತ್ತು ಬಂದರೆ ಅಂಟಿಸೋಕೆ ಅದು ಸಾಕು. ಬಾಲಕ್ಕೆ ಸಾಲದು.

ಇದಕ್ಕೆ ಅಂಟು ಬೇಡ, ಬೆಸುಗೆ ಬೇಕು. ಎರಡೂ ಮುಖ ಕರಗಿಸಿ ಒಂದಕ್ಕೊಂದು ಒತ್ತಬೇಕು. ಸೈಕಲ್ ಟ್ಯೂಬಿಗೆ ಪಂಕ್ಚರ್ ಹಾಕೋದು ನೋಡಿದೀರಲ್ಲ? ಅವನು ಮೊದಲು ಏನು ಮಾಡ್ತಾನೆ? ಉಜ್ಜಿ ಉಜ್ಜಿ ಸ್ವಚ್ಛ ಮಾಡ್ತಾನೆ. ಇಲ್ಲೂ ಅರ್ಧ ಕೆಲಸ ಅದೇ. ಹಳೆ ಸೂಪರ್ ಗ್ಲೂ ಪದರವನ್ನು ಬ್ಲೇಡಿನಿಂದ ತೆಳ್ಳಗೆ ಹೆರೆದು ತೆಗೆಯಿರಿ. ಒಂಚೂರು ಉಳಿದರೂ ಅಲ್ಲಿ ಬೆಸುಗೆ ಕೂರಲ್ಲ. ಪಾತ್ರೆ ತೊಳೆಯುವ ಸೋಪಿನಲ್ಲಿ ತೊಳೆದು, ಸೀಳು ಬಾಯಿ ತೆರೆದಿರುವ ಹಾಗೆ ಒಂದು ಬೆಂಕಿಕಡ್ಡಿ ಸಿಕ್ಕಿಸಿ, ಎರಡು ದಿನ ಒಣಗಲು ಬಿಡಿ. ಒಳಗೆ ತೇವ ಇದ್ದರೆ ಬಿಸಿ ತಾಗಿದ ತಕ್ಷಣ ಆವಿಯಾಗಿ ಗುಳ್ಳೆ ಏಳುತ್ತೆ. ಗುಳ್ಳೆ ಇರುವ ಬೆಸುಗೆ ನಾಳೆ ಹರಿಯುವ ಬೆಸುಗೆ.

ಆಮೇಲೆ ಸೋಲ್ಡರಿಂಗ್ ಐರನ್. ಚಪ್ಪಟೆ ತುದಿಯದು. ಇದಕ್ಕೇ ಅಂತ ಒಂದು ತುದಿ ಬೇರೆ ಇಟ್ಟುಕೊಳ್ಳಿ, ಸೀಸ ಮೆತ್ತಿಕೊಂಡಿರೋದು ಬೇಡ. ಸೀಳಿನ ತಳಕ್ಕೆ ತುದಿ ಇಟ್ಟು ನಿಧಾನವಾಗಿ ಹೊರಗೆ ಎಳೆಯಿರಿ. ಎರಡೂ ಮುಖ ಹೊಳೆಯಬೇಕು, ಜೇನುತುಪ್ಪದ ಹಾಗೆ. ಐರನ್ ತೆಗೆದ ಕ್ಷಣವೇ ಒತ್ತಿ ಹಿಡಿಯಿರಿ. ಮೂವತ್ತು ಎಣಿಸಿ. ಸೀಳು ಪೂರ್ತಿ ಮುಚ್ಚಿದ ಮೇಲಷ್ಟೇ ತಣ್ಣೀರಿಗೆ ಹಾಕಿ. ಇಂಚು ಇಂಚಾಗಿ ಮುಂದೆ ಹೋಗಿ. ಎರಡು ಇಂಚನ್ನು ಒಂದೇ ಸಲ ಮುಚ್ಚೋಕೆ ಹೋದರೆ ಒಂದು ತುದಿ ಕರಗುವಷ್ಟರಲ್ಲಿ ಇನ್ನೊಂದು ತುದಿ ಆರಿರುತ್ತೆ.

ಇನ್ನೊಂದು ಮಾತು. ಪೂರ್ತಿ ಹರಿದುಹೋದ ರಬ್ಬರನ್ನು ಯಾವತ್ತೂ ಎಸೆಯಬೇಡಿ. ಬಣ್ಣ ಬಣ್ಣಕ್ಕೆ ಬೇರೆ ಬೇರೆ ಚೀಲದಲ್ಲಿ ಇಡಿ. ಮಾಂಸ ಕಿತ್ತುಹೋದ ಜಾಗ ತುಂಬೋಕೆ ಅದೇ ಚೂರು ಬೇಕು. ಐರನ್ ತುದಿಗೆ ಚೂರು ತಾಗಿಸಿದರೆ ಕರಗಿ ಹನಿ ಬೀಳುತ್ತೆ, ಗುಂಡಿ ತುಂಬುತ್ತೆ.

ಕೆಮಿಸ್ಟ್ ಅಕ್ಕ (ಮ್ಯಾಡಿಸನ್)

ಗಾಳದಣ್ಣ ಹೇಳಿದ್ದೆಲ್ಲ ಸರಿ. ಆದರೆ ಹೊಗೆಯ ಬಗ್ಗೆ ಒಂದು ಮಾತೂ ಇಲ್ಲ. ಅದು ನನಗೆ ಇಷ್ಟವಾಗಲಿಲ್ಲ.

ರಬ್ಬರ್ ಅಂತ ಕರೆದರೂ ಇದು ರಬ್ಬರ್ ಅಲ್ಲ. ಹೆಚ್ಚಿನ ಮೆತ್ತನೆ ಲ್ಯೂರ್‌ಗಳು ಪಿವಿಸಿ. ಹೌದು, ನೀರಿನ ಪೈಪಿನ ಪಿವಿಸಿಯೇ. ಅದಕ್ಕೆ ಮೆತ್ತಗಾಗಿಸುವ ಎಣ್ಣೆಯಂಥ ದ್ರವವನ್ನು ಧಾರಾಳವಾಗಿ ಸೇರಿಸಿರುತ್ತಾರೆ. ಈ ಮಿಶ್ರಣಕ್ಕೆ ಪ್ಲಾಸ್ಟಿಸಾಲ್ ಅನ್ನುತ್ತಾರೆ. ಸುಮಾರು 350 ಡಿಗ್ರಿ ಫ್ಯಾರನ್‌ಹೀಟ್‌ಗೆ, ಅಂದರೆ 177 ಸೆಲ್ಸಿಯಸ್‌ಗೆ, ಇದು ಚೆನ್ನಾಗಿ ಕರಗಿ ಕೂಡಿಕೊಳ್ಳುತ್ತದೆ. 400 ಫ್ಯಾರನ್‌ಹೀಟ್ ದಾಟಿದರೆ ಸುಡಲು ಶುರು. ಮೊದಲು ಹಳದಿ, ಆಮೇಲೆ ಕಂದು. ಸುಟ್ಟ ಪಿವಿಸಿಯಿಂದ ಹೈಡ್ರೋಜನ್ ಕ್ಲೋರೈಡ್ ಅನಿಲ ಬರುತ್ತದೆ. ತೇವ ಸಿಕ್ಕ ಕಡೆ ಅದು ಆಮ್ಲವಾಗುತ್ತದೆ. ನಿಮ್ಮ ಗಂಟಲಿನಲ್ಲಿ, ಕಣ್ಣಿನಲ್ಲಿ ತೇವ ಇದೆ ಅಲ್ವಾ?

ಸೋಲ್ಡರಿಂಗ್ ಐರನ್ ತುದಿ 400ಕ್ಕಿಂತ ಎಷ್ಟೋ ಜಾಸ್ತಿ ಬಿಸಿ ಇರುತ್ತದೆ. ಹಾಗಾಗಿ ಒಂದೇ ಜಾಗದಲ್ಲಿ ಇಟ್ಟು ನಿಲ್ಲಬೇಡಿ. ಬಿಸಿ ಕಡಿಮೆ ಮಾಡುವ ಗುಂಡಿ ಇರುವ ಐರನ್ ಆದರೆ ಅತ್ಯಂತ ಕೆಳಗಿನ ಮಟ್ಟದಿಂದ ಶುರು ಮಾಡಿ. ಗ್ಯಾರೇಜ್ ಬಾಗಿಲು ಪೂರ್ತಿ ತೆರೆಯಿರಿ. ಫ್ಯಾನ್ ನಿಮ್ಮ ಬೆನ್ನ ಹಿಂದಿನಿಂದ ಹೊರಗೆ ಬೀಸಲಿ. ಅಡುಗೆಮನೆಯಲ್ಲಿ ಬೇಡವೇ ಬೇಡ.

ಇನ್ನೊಂದು ಎಚ್ಚರಿಕೆ. ಎಲ್ಲ ಮೆತ್ತನೆ ಲ್ಯೂರ್ ಪಿವಿಸಿ ಅಲ್ಲ. ಜೀ-ಮ್ಯಾನ್ ಕಂಪನಿಯ ಎಲಾಜ್‌ಟೆಕ್ ತರಹದ್ದು ಬೇರೆ ಜಾತಿ. ತುಂಬ ಹಿಗ್ಗುತ್ತದೆ, ನೀರಲ್ಲಿ ತೇಲುತ್ತದೆ. ಅದನ್ನೂ ಪಿವಿಸಿಯನ್ನೂ ಬೆಸೆಯಲು ಆಗಲ್ಲ. ಒಂದೇ ಡಬ್ಬಿಯಲ್ಲಿ ಇಟ್ಟರೂ ಸಾಕು, ತಿಂಗಳೊಳಗೆ ಎರಡೂ ಕರಗಿ ಅಂಟುಂಡೆ ಆಗಿರುತ್ತವೆ. ಮೆತ್ತಗಾಗಿಸುವ ದ್ರವ ಒಂದರಿಂದ ಇನ್ನೊಂದಕ್ಕೆ ಇಳಿಯುವುದೇ ಇದಕ್ಕೆ ಕಾರಣ.

ಜೇಬು ಬಿಗಿ

ನನಗೆ ಅರ್ಥ ಆಗಿಲ್ಲ. ಬೋಟಿಗೆ ಸಾವಿರಾರು ಡಾಲರ್, ಕೋಲಿಗೆ, ರೀಲಿಗೆ ನೂರಾರು. 40 ಡಾಲರ್ ರಬ್ಬರಿಗೆ ಎರಡು ದಿನ ಒಣಗಿಸಿ, ಆಮ್ಲದ ಹೊಗೆ ಕುಡಿದು ರಿಪೇರಿ. ಹೊಸದು ತಗೊಳ್ಳಿ ಮಾರಾಯ್ರೆ!

ಗಾಳದಣ್ಣ

ನಿಮ್ಮ ಹೆಸರು ನೋಡಿದರೆ ನೀವು ನಮ್ಮ ಕಡೆ ಇರಬೇಕಿತ್ತು.

ದುಡ್ಡು ಒಂದೇ ಅಲ್ಲ. ಕೆಲವು ಬಣ್ಣ ಆಮೇಲೆ ಅಂಗಡಿಯಲ್ಲಿ ಸಿಗಲ್ಲ. ಇನ್ನೊಂದು, ಹಳೇ ರಬ್ಬರ್ ಎಸೆದೂ ಎಸೆದೂ ಮೆತ್ತಗಾಗಿ ಹದಕ್ಕೆ ಬಂದಿರುತ್ತೆ, ಹಳೇ ಚಪ್ಪಲಿ ಹಾಗೆ. ಹೊಸದು ಆ ಹದಕ್ಕೆ ಬರೋಕೆ ಟೈಮ್ ಬೇಕು. ಹರಿದ ಬಾಲ ಕೆರೆ ತಳದಲ್ಲಿ ಬೀಳೋದೂ ನನಗೆ ಇಷ್ಟ ಇಲ್ಲ. ಅದು ಕೊಳೆಯಲ್ಲ, ಮೀನು ನುಂಗಿದರೆ ಜೀರ್ಣವೂ ಆಗಲ್ಲ.

ಆದರೆ ಒಂದು ಮಾತು ಒಪ್ಪುತ್ತೇನೆ. ಬೆನ್ನಿನ ಮೇಲಿನ ಹಲ್ಲಿನ ಗೀರುಗಳನ್ನು ಮುಟ್ಟಲೇಬೇಡಿ. ಅದು ನಿಮ್ಮ ಕಣ್ಣಿಗೆ ಮಾತ್ರ ಕೆಟ್ಟದಾಗಿ ಕಾಣೋದು. ಮೀನಿಗೆ ಏನೂ ಅನ್ನಿಸಲ್ಲ. ಅಲಂಕಾರಕ್ಕೆ ಅಂತ ರಿಪೇರಿ ಮಾಡಿ ಮಾಡಿ ಒಂದು ಒಳ್ಳೆ ಲ್ಯೂರನ್ನು ನಾನೇ ಗಟ್ಟಿ ಮುದ್ದೆ ಮಾಡಿ ಕೆಡಿಸಿದ್ದೇನೆ.

ಸೇಂಟ್ ಕ್ಲೇರ್ ಸೀನ (ವಿಂಡ್ಸರ್, ಕೆನಡಾ)

ಎಲ್ಲರೂ ಬಾಲ, ಚರ್ಮ ಅಂತ ಮಾತಾಡ್ತಿದೀರ. ಅವರು ಬರೆದಿದ್ದರಲ್ಲಿ ನನಗೆ ಭಯ ಆಗಿದ್ದು ಒಂದೇ ಸಾಲು: "ಒಳಗಿನ ತಂತಿ ಕಾಣುತ್ತಿದೆ." ಅದನ್ನು ಯಾರೂ ಕೇಳಲೇ ಇಲ್ಲ.

ಬಾಲ ಹರಿದರೆ ಏನಾಗುತ್ತೆ? ಈಜು ಕೆಡುತ್ತೆ, ಅಷ್ಟೇ. ತಂತಿ ಹೋದರೆ ಮೀನು ಮೂರು ಮುಳ್ಳಿನ ಎರಡು ದೊಡ್ಡ ಟ್ರೆಬಲ್ ಕೊಕ್ಕೆ ಬಾಯಲ್ಲಿ ಇಟ್ಟುಕೊಂಡು ಹೋಗುತ್ತೆ. ನನಗೆ ಹಾಗೆ ಆಗಿದೆ. ನಾಲ್ಕು ವರ್ಷದ ಹಿಂದೆ, ಲೇಕ್ ಸೇಂಟ್ ಕ್ಲೇರ್‌ನಲ್ಲಿ. ಲ್ಯೂರಿನ ಮೂತಿ ಮಾತ್ರ ನನ್ನ ಕೈಗೆ ವಾಪಸ್ ಬಂತು. ಒಳಗಿನ ತಂತಿ ಸವೆದಿದ್ದು ನನಗೆ ಗೊತ್ತಿತ್ತು, ಇನ್ನೊಂದು ದಿನ ನಡೆಯುತ್ತೆ ಅಂತ ಬಿಟ್ಟಿದ್ದೆ. ಆ ಮೀನು ಬದುಕಿತೋ ಇಲ್ಲವೋ. ಅವತ್ತಿನಿಂದ ನಾನು ಮೊದಲು ನೋಡೋದು ತಂತಿಯನ್ನೇ.

ಹೇಗೆ ನೋಡಬೇಕು ಅಂದರೆ, ಸೀಳನ್ನು ಮುಚ್ಚುವ ಮೊದಲು ಇನ್ನೂ ಸ್ವಲ್ಪ ಬಿಡಿಸಿ. ಹೌದು, ಇನ್ನೂ ಹರಿಯಿರಿ. ತಂತಿಯಲ್ಲಿ ತುಕ್ಕು, ಚೂಪಾದ ಮಡಿಕೆ, ಎಳೆ ಬಿಟ್ಟಿರೋದು ಇದ್ದರೆ ಬದಲಾಯಿಸಿ. ಸುಮಾರು ಒಂದೂಕಾಲು ಮಿಲಿಮೀಟರ್ ದಪ್ಪದ ಸ್ಟೇನ್‌ಲೆಸ್ ತಂತಿ ಸಾಕು. ಮೂತಿಯಿಂದ ಕೊನೆಯ ಕೊಕ್ಕೆವರೆಗೆ ಒಂದೇ ತುಂಡು ಇರಲಿ. ಎರಡು ತುದಿಗೂ ಉಂಗುರದಂಥ ಕಣ್ಣು ಮಾಡಿ, ತಂತಿಯನ್ನು ತನ್ನ ಮೇಲೇ ಬಿಗಿಯಾಗಿ ಐದಾರು ಸುತ್ತು ಸುತ್ತಿ. ಲ್ಯೂರಿನ ಹೊಟ್ಟೆಯನ್ನು ಉದ್ದಕ್ಕೆ ಸೀಳಿ ತಂತಿ ಮಲಗಿಸಿ, ಆಮೇಲೆ ಗಾಳದಣ್ಣ ಹೇಳಿದ ಹಾಗೆ ಮುಚ್ಚಿ. ಮೂತಿಯಿಂದ ಚುಚ್ಚಿ ತೂರಿಸುವವರೂ ಇದ್ದಾರೆ. ಅದು ನೆಟ್ಟಗೆ ಹೋಗಲ್ಲ, ಲ್ಯೂರ್ ಒಂದು ಪಕ್ಕಕ್ಕೆ ವಾಲಿ ಈಜುತ್ತೆ.

ಪರೀಕ್ಷೆ: ಮೂತಿಯ ಕಣ್ಣನ್ನು ಗ್ಯಾರೇಜಿನ ಕೊಂಡಿಗೆ ಸಿಕ್ಕಿಸಿ. ಕೊಕ್ಕೆ ತೆಗೆದು, ಆ ಉಂಗುರಕ್ಕೆ 20 ಪೌಂಡಿನ ಸೋನಾ ಮಸೂರಿ ಚೀಲ ನೇತು ಹಾಕಿ. ರಾತ್ರಿಯಿಡೀ ಇರಲಿ. ಬೆಳಿಗ್ಗೆ ಅಕ್ಕಿ ನೆಲದ ಮೇಲಿದ್ದರೆ ನಿಮ್ಮ ಪುಣ್ಯ, ಕೆರೆಯಲ್ಲಿ ಆಗಲಿಲ್ಲ.

ಜೇಬು ಬಿಗಿ

ಅಕ್ಕಿ ಚೀಲದ ಪರೀಕ್ಷೆಗೋಸ್ಕರ ಈ ಚರ್ಚೆಯಲ್ಲಿ ಉಳಿದುಕೊಳ್ತೀನಿ.

ತುಂಗೆ ದಡ

ಸೀನಣ್ಣ, ಬಿಡಿಸಿ ನೋಡಿದೆ. ನೀವು ಹೇಳಿದ್ದು ಸರಿ. ಹಿಂದಿನ ಕೊಕ್ಕೆಯ ಹತ್ತಿರ ತಂತಿ ಮಡಿಸಿಕೊಂಡು ಬೆಳ್ಳಗಾಗಿತ್ತು. ಕೈಯಲ್ಲಿ ಎರಡು ಸಲ ಬಗ್ಗಿಸಿದೆ, ತುಂಡಾಯಿತು. ಸ್ವಲ್ಪ ಹೊತ್ತು ಸುಮ್ನೆ ಕೂತುಬಿಟ್ಟೆ. ಆ 47 ಇಂಚಿನ ಮೀನು ಇನ್ನೊಂದು ಸಲ ತಲೆ ಕೊಡವಿದ್ದರೆ?

ಹೊಸ ತಂತಿ ಹಾಕಿದೆ. ಬೆಸುಗೆ ಮಾತ್ರ ಮೊದಲ ಸಲ ಕೆಟ್ಟಿತು. ಐರನ್ ಜಾಸ್ತಿ ಹೊತ್ತು ಇಟ್ಟೆ, ಬಿಳಿ ಹೊಟ್ಟೆಯ ಮೇಲೆ ಕಂದು ಕಲೆ. ಗ್ಯಾರೇಜ್ ಬಾಗಿಲು ತೆರೆದಿದ್ದೆ, ಆದರೆ ಮನೆ ಒಳಗಿನ ಬಾಗಿಲು ಮುಚ್ಚಿರಲಿಲ್ಲ. ಅತ್ತೆ ಶಿವಮೊಗ್ಗದಿಂದ ಬಂದಿದ್ದಾರೆ. "ಒಲೆ ಮೇಲೆ ಏನೋ ಸೀದು ಹೋಗ್ತಿದೆ" ಅಂತ ಅಡುಗೆಮನೆಗೆ ಓಡಿದರು. ಅಲ್ಲಿ ಏನೂ ಇಲ್ಲ. ಆಮೇಲೆ ಗ್ಯಾರೇಜಿಗೆ ಬಂದು ನೋಡಿದರೆ ಅಳಿಯ ಒಂದು ಪ್ಲಾಸ್ಟಿಕ್ ಮೀನಿನ ಹೊಟ್ಟೆ ಕೊಯ್ದು ಹೊಲಿಯುತ್ತಿದ್ದಾನೆ. ಏನೂ ಹೇಳಲಿಲ್ಲ. ಒಳಗೆ ಹೋಗಿ ಮಗಳ ಹತ್ತಿರ ಏನೋ ಕೇಳಿದರು.

ಕಂದು ಭಾಗ ಕತ್ತರಿಸಿ ತೆಗೆದು ಎರಡನೇ ಸಲ ಮಾಡಿದೆ. ಹೊಟ್ಟೆ ಸರಿಯಾಗಿ ಕೂತಿದೆ. ಅಕ್ಕಿ ಚೀಲವೂ ಪಾಸ್. ಬಾಲದ ಬುಡ ಮಾತ್ರ ಎರಡು ಸಲ ಬೆಸೆದರೂ ಬಗ್ಗಿಸಿದಾಗ ಅಂಚು ಬಿಡುತ್ತಿದೆ.

ಗಾಳದಣ್ಣ

ಬಾಲದ ಬುಡ ಎಲ್ಲರಿಗೂ ಕಷ್ಟವೇ. ಅಲ್ಲಿ ತೆಳ್ಳಗೆ, ಮತ್ತೆ ಸದಾ ಅಲ್ಲಾಡುವ ಜಾಗ. ಅಡ್ಡಕ್ಕೆ ನೆಟ್ಟಗೆ ಹರಿದಿದ್ದನ್ನು ಹಾಗೇ ಜೋಡಿಸಬೇಡಿ. ಎರಡೂ ಕಡೆ ಓರೆಯಾಗಿ ಕತ್ತರಿಸಿ. ಬಡಗಿಗಳು ಎರಡು ಮರ ಜೋಡಿಸುವಾಗ ಓರೆ ಕೊಯ್ಯುತ್ತಾರಲ್ಲ, ಹಾಗೆ. ಒಂದರ ಮೇಲೊಂದು ಕೂರುವ ಜಾಗ ಜಾಸ್ತಿಯಾಗುತ್ತೆ. ಅರ್ಧ ಇಂಚು ಉದ್ದ ಕಳೆದುಕೊಳ್ಳುತ್ತೀರಿ, ಪರವಾಗಿಲ್ಲ.

ಅದಕ್ಕೂ ನಿಲ್ಲದಿದ್ದರೆ ಹೊಲಿಗೆ. 80 ಪೌಂಡ್ ಎಳೆತ ತಡೆಯುವ ಹಳೇ ಹೆಣೆದ ಗಾಳದ ದಾರ ಇರುತ್ತಲ್ಲ, ಅದನ್ನು ಸೂಜಿಗೆ ಪೋಣಿಸಿ. ಬಾಲದಿಂದ ಮೈಯೊಳಗೆ ಉದ್ದಕ್ಕೆ ಮೂರು ನಾಲ್ಕು ಹೊಲಿಗೆ ಹಾಕಿ. ಬಿಗಿ ಎಳೆಯಬೇಡಿ, ದಾರ ರಬ್ಬರನ್ನು ಚಾಕುವಿನ ಹಾಗೆ ಕೊಯ್ಯುತ್ತೆ. ಆಮೇಲೆ ಮೇಲಿನಿಂದ ರಬ್ಬರ್ ಚೂರು ಕರಗಿಸಿ ದಾರವನ್ನು ಮುಚ್ಚಿಬಿಡಿ. ಕಾಂಕ್ರೀಟಿಗೆ ಕಬ್ಬಿಣ ಹಾಕಿದ ಹಾಗೆ.

ಕೆಮಿಸ್ಟ್ ಅಕ್ಕ

ಬಿಸಿ ಬೇಡ ಅನ್ನುವವರಿಗೆ ಮೆತ್ತನೆ ಪ್ಲಾಸ್ಟಿಕ್‌ಗೆಂದೇ ಬರುವ ಅಂಟು ಇದೆ, ಮೆಂಡ್-ಇಟ್ ತರಹದ್ದು. ಅದು ನಿಜವಾಗಿ ಅಂಟೇ ಅಲ್ಲ. ಎರಡೂ ಮುಖವನ್ನು ಕೊಂಚ ಕರಗಿಸಿ ಒಂದು ಮಾಡುತ್ತದೆ. ಚಿಕ್ಕ ಸೀಳಿಗೆ, ತೆಳು ಬಾಲಕ್ಕೆ ನನಗೆ ಐರನ್‌ಗಿಂತ ಇದೇ ಇಷ್ಟ. ತೆಳ್ಳಗೆ ಹಚ್ಚಿ, ಒತ್ತಿ ಇಟ್ಟು, ಮಾರನೆ ದಿನದವರೆಗೆ ಮುಟ್ಟಬೇಡಿ. ಇದಕ್ಕೂ ಗಾಳಿ ಬೇಕು, ಹತ್ತಿರ ಬೆಂಕಿ ಇರಬಾರದು. ಬಾಟಲಿ ಪಕ್ಕದಲ್ಲಿಟ್ಟುಕೊಂಡು ಐರನ್ ಹಚ್ಚಬೇಡಿ ಅಂತ ಬಿಡಿಸಿ ಹೇಳಬೇಕಾ? ಹೇಳಿಬಿಡುತ್ತೇನೆ: ಹಚ್ಚಬೇಡಿ.

ಉಳ್ಳಾಲದ ಹುಡುಗ

ನಾನು ಊರಲ್ಲೇ ಇರುವವ. ಇಲ್ಲಿ ಅಳಿವೆಯಲ್ಲಿ ನಾಲ್ಕು ಇಂಚಿನ ಮೆತ್ತನೆ ಲ್ಯೂರ್ ಹಾಕುತ್ತೇವೆ, ಬಾರ್ರಮುಂಡಿಗೆ. ಮಸ್ಕಿ ಇಲ್ಲ, ಆದರೆ ನಮ್ಮಲ್ಲೂ ಬಾಲ ಉಳಿಯಲ್ಲ. ಪಫರ್ ಮೀನು ಬಂದರೆ ಕತ್ತರಿ ಹಾಕಿದ ಹಾಗೆ ನೀಟಾಗಿ ಕತ್ತರಿಸಿಕೊಂಡು ಹೋಗುತ್ತೆ. ನಾವು ಮೇಣದಬತ್ತಿ ಮೇಲೆ ಹಳೇ ಚಾಕು ಕಾಯಿಸಿ, ಎರಡು ತುಂಡಿನ ನಡುವೆ ಇಟ್ಟು, ಚಾಕು ಎಳೆದ ಕೂಡಲೇ ಒತ್ತುತ್ತೇವೆ. ಚಾಕುವನ್ನು ಉರಿಯ ಹಳದಿ ಭಾಗದಲ್ಲಿ ಹಿಡಿದರೆ ಮಸಿ ಕೂರುತ್ತೆ, ಬೆಸುಗೆ ಒಳಗೆ ಕಪ್ಪು ಗೆರೆ ಬರುತ್ತೆ. ಒರೆಸಿ ಬಳಸಬೇಕು.

16 ಇಂಚಿನ ಲ್ಯೂರ್ ಅಂದರೆ ನಮಗೆ ಅದೇ ಒಂದು ಊಟದ ಮೀನು!

ಗಾಳದಣ್ಣ

ಹ್ಹ! ಅದು ಸುಮಾರು ಒಂದು ಪೌಂಡ್ ತೂಗುತ್ತೆ. ಬುಲ್ ಡಾಗ್ ಲ್ಯೂರಿನ ದೊಡ್ಡ ಅಳತೆಗೆ ಪೌಂಡರ್ ಅಂತಲೇ ಹೆಸರು. ಬೆಳಿಗ್ಗೆಯಿಂದ ಸಂಜೆವರೆಗೆ ಎಸೆದರೆ ರಾತ್ರಿ ತುತ್ತು ಎತ್ತೋಕೂ ಭುಜ ಬೇಡ ಅನ್ನುತ್ತೆ.

ನಮ್ಮೂರಿನ ಗಾಳ ಅಂದರೆ ನನಗೆ ಕಾವೇರಿಯ ಮಹಶೀರ್ ನೆನಪು. ಗಾಲಿಬೋರೆ, ಭೀಮೇಶ್ವರಿ ಕಡೆ ರಾಗಿ ಮುದ್ದೆ ಕಟ್ಟಿ ಹಿಡಿದು, ತೂಕ ನೋಡಿ, ಬಿಡುತ್ತಿದ್ದರು. ಈಗ ಅಭಯಾರಣ್ಯದೊಳಗೆ ಆ ಗಾಳ ಇಲ್ಲ. ಅಲ್ಲಿನ ಕಿತ್ತಳೆ ರೆಕ್ಕೆಯ ಮಹಶೀರ್ ಅಳಿವಿನ ಅಂಚಿಗೆ ಬಂದಿದೆ. ರಾಗಿ ಮುದ್ದೆಗೆ ರಿಪೇರಿಯ ತಾಪತ್ರಯ ಇರಲಿಲ್ಲ ನೋಡಿ.

ತುಂಗೆ ದಡ

ಓರೆ ಕೊಯ್ದು, ಮೂರು ಹೊಲಿಗೆ ಹಾಕಿ, ಮೇಲೆ ಕರಗಿಸಿ ಮುಚ್ಚಿದೆ. ಈಗ ಎಷ್ಟು ಎಳೆದರೂ ಬಿಡುತ್ತಿಲ್ಲ.

ಆದರೆ ಹೊಸ ತೊಂದರೆ. ನಿನ್ನೆ ಬೋಟಿನ ಪಕ್ಕ ಹಾಕಿ ಎಳೆದು ನೋಡಿದೆ. ಬಾಲ ಮೊದಲಿನ ಹಾಗೆ ಕುಣಿಯುತ್ತಿಲ್ಲ. ಕೋಲಿನ ಹಾಗೆ ನೆಟ್ಟಗೆ ಬರುತ್ತಿದೆ. ನೀರು 52 ಡಿಗ್ರಿ ಫ್ಯಾರನ್‌ಹೀಟ್ ಇತ್ತು.

ಸೇಂಟ್ ಕ್ಲೇರ್ ಸೀನ

ಎರಡು ಕಾರಣ ಇರಬಹುದು. ಒಂದು, ತೇಪೆ ದಪ್ಪ ಆಗಿದೆ. ಇನ್ನೊಂದು, ತಣ್ಣೀರಲ್ಲಿ ಪ್ಲಾಸ್ಟಿಕ್ ಹೇಗಿದ್ದರೂ ಗಡುಸಾಗುತ್ತೆ. ತುಪ್ಪ ಚಳಿಗೆ ಗಟ್ಟಿಯಾಗುವ ಹಾಗೆ. ಜುಲೈಯಲ್ಲಿ ಕುಣಿದ ಬಾಲ ಅಕ್ಟೋಬರ್‌ನಲ್ಲಿ ಕುಣಿಯಲ್ಲ. ಆದರೆ ದೊಡ್ಡ ರಬ್ಬರಿಗೆ ಒಳ್ಳೆ ಕಾಲ ಅಕ್ಟೋಬರೇ. ಟಲಿಬಿ ಮೀನುಗಳು ಮೊಟ್ಟೆ ಇಡೋಕೆ ದಡದ ಕಡೆ ಬರುತ್ತವೆ, ಅವುಗಳ ಹಿಂದೆ ಮಸ್ಕಿ.

ಚೂಪಾದ ಕತ್ತರಿ ತಗೊಂಡು ಬಾಲದ ಬುಡವನ್ನು ಎರಡೂ ಪಕ್ಕದಿಂದ ಸಣ್ಣಗೆ ಹೆರೆಯಿರಿ. ಒಂದು ಸಲಕ್ಕೆ ಕಾಗದದಷ್ಟು ತೆಗೆಯಿರಿ, ನೀರಲ್ಲಿ ಹಾಕಿ ನೋಡಿ, ಮತ್ತೆ ತೆಗೆಯಿರಿ. ಬಾಲದ ತುದಿ ಮುಟ್ಟಬೇಡಿ. ತುದಿ ಅಗಲ ಇದ್ದಷ್ಟೂ ನೀರು ತಳ್ಳುತ್ತೆ, ಬುಡ ಸಣ್ಣ ಇದ್ದಷ್ಟೂ ಸುಲಭವಾಗಿ ಬಳುಕುತ್ತೆ. ಜಾಸ್ತಿ ಹೆರೆದರೆ ಮುಂದಿನ ಮೀನಿಗೆ ಬಾಲ ದಾನ. ಎಲ್ಲಿ ನಿಲ್ಲಿಸಬೇಕು ಅಂತ ಬರೆದು ಹೇಳೋಕೆ ಬರಲ್ಲ, ನಾನು ಮೂರು ಕೆಡಿಸಿದ ಮೇಲೆ ಗೊತ್ತಾಗಿದ್ದು.

ಬಾಲ ಡಬ್ಬಿಯಲ್ಲಿ ಮಡಿಸಿಕೊಂಡು ಸೊಟ್ಟ ಆಗಿದ್ದರೆ ಅದು ಬೇರೆ ಕಥೆ. ಕುದಿಯುವಷ್ಟು ಬಿಸಿ ನೀರಲ್ಲಿ ಅರ್ಧ ನಿಮಿಷ ಅದ್ದಿ, ನೆಟ್ಟಗೆ ಮಲಗಿಸಿ, ತಣ್ಣೀರು ಸುರಿಯಿರಿ. ಹಳೇ ಆಕಾರಕ್ಕೆ ಬರುತ್ತೆ. ಆಮೇಲಿಂದ ನೇತು ಹಾಕಿ ಇಡಿ.

ಗಾಳದಣ್ಣ

ಲ್ಯೂರಿನಲ್ಲಿ ಕೈಯಾಡಿಸೋಕೆ ಶುರು ಮಾಡಿದ ಮೇಲೆ ಇದನ್ನೂ ಹೇಳಿಬಿಡ್ತೀನಿ. ರಿಪೇರಿಗಿಂತ ನನಗೆ ಇದೇ ಜಾಸ್ತಿ ಖುಷಿ.

ತೂಕ. ಹೊಟ್ಟೆಯಲ್ಲಿ, ಮುಂದಿನ ಕೊಕ್ಕೆಯ ಹತ್ತಿರ ಮೊಳೆಯಂಥ ತೂಕ ಚುಚ್ಚಿದರೆ ಲ್ಯೂರ್ ಮಟ್ಟಸವಾಗಿ ಇಳಿಯುತ್ತೆ. ಮೂತಿಯಲ್ಲಿ ಚುಚ್ಚಿದರೆ ತಲೆ ಕೆಳಗಾಗಿ ಧುಮುಕುತ್ತೆ. ಕಾಲು ಔನ್ಸ್‌ನಿಂದ ಶುರು ಮಾಡಿ. ಸೀಸ ಬೇಡ, ಟಂಗ್‌ಸ್ಟನ್ ತಗೊಳ್ಳಿ. ಮಿನ್ನೆಸೋಟದ ರಾಜ್ಯ ಪಕ್ಷಿ ಲೂನ್ ಇದೆಯಲ್ಲ, ಅದು ಕೆರೆ ತಳದ ಕಲ್ಲಿನ ಜೊತೆ ಸೀಸದ ಚೂರು ನುಂಗಿ ಸಾಯುತ್ತೆ.

ಬಾಲಕ್ಕೆ ಚಿಕ್ಕ ತಗಡಿನ ಬ್ಲೇಡ್ ಹಾಕೋದು. ಸ್ಪ್ರಿಂಗಿನ ಹಾಗೆ ಸುತ್ತಿದ ಸ್ಕ್ರೂ ಬರುತ್ತೆ, ರಬ್ಬರಿಗೆ ತಿರುಗಿಸಿ ಕೂರಿಸಿದರೆ ಅದರ ತುದಿಗೆ ಬ್ಲೇಡ್ ತೂಗುತ್ತೆ. ಕದಡಿದ ನೀರಲ್ಲಿ, ಕತ್ತಲಾಗುವ ಹೊತ್ತಲ್ಲಿ ಅದರ ಅದುರು ಮೀನಿಗೆ ಗೊತ್ತಾಗುತ್ತೆ. ತಿಳಿನೀರಿನ ಕೆರೆಯಲ್ಲಿ ನಾನು ಹಾಕಲ್ಲ.

ಬಣ್ಣದ ವಿಷಯಕ್ಕೆ ಬಂದರೆ, ಸಾಮಾನ್ಯ ಪೇಂಟ್ ಎರಡನೇ ದಿನ ಸಿಪ್ಪೆ ಏಳುತ್ತೆ. ಮೆತ್ತನೆ ಪ್ಲಾಸ್ಟಿಕ್‌ಗೇ ಅಂತ ಅದ್ದುವ ಬಣ್ಣ, ಪೆನ್ನು ಬರುತ್ತವೆ. ಅವು ಒಳಗೆ ಇಳಿಯುತ್ತವೆ. ಮಕ್ಕಳ ಮಾರ್ಕರ್ ಪೆನ್ನಿನಲ್ಲಿ ಪಟ್ಟೆ ಬರೆದಿದ್ದೆ ಒಂದು ಸಲ. ಎರಡು ವಾರದಲ್ಲಿ ಪಟ್ಟೆಯೆಲ್ಲ ಹರಡಿ, ಮಳೆಗೆ ಸಿಕ್ಕ ಕಾಗದದ ಹಾಗೆ ಆಯಿತು. ಕಪ್ಪು ಲ್ಯೂರನ್ನು ಬಿಳಿ ಲ್ಯೂರಿಗೆ ತಾಗಿಸಿ ಇಡಬೇಡಿ. ಬಿಳಿ ಕೆಡುತ್ತೆ.

ಬೆಳ್ಳುಳ್ಳಿ ವಾಸನೆಯ ಬಣ್ಣವೂ ಸಿಗುತ್ತೆ. ಮಸ್ಕಿಗೆ ಅದರಿಂದ ಉಪಯೋಗ ಇದೆ ಅಂತ ನನಗೆ ನಂಬಿಕೆ ಇಲ್ಲ. ಬೋಟಿನಲ್ಲಿ ಮಾತ್ರ ಒಗ್ಗರಣೆ ನೆನಪಾಗಿ ಹಸಿವಾಗುತ್ತೆ.

ಜೇಬು ಬಿಗಿ

ಸರಿ, ಈಗ ನನ್ನ ಪ್ರಶ್ನೆ. ಇಷ್ಟೆಲ್ಲ ಮಾಡೋರು ಲ್ಯೂರನ್ನೇ ಮನೆಯಲ್ಲಿ ಎರಕ ಹೊಯ್ಯಬಾರದಾ? ಹಳೇ ಚೂರುಗಳೇ ಕಿಲೋಗಟ್ಟಲೆ ಇರಬೇಕಲ್ಲ.

ಕೆಮಿಸ್ಟ್ ಅಕ್ಕ

ಹೊಯ್ಯಬಹುದು. ನಾನು ಹೊಯ್ಯುತ್ತೇನೆ. ಅದಕ್ಕೇ ಇಷ್ಟು ಎಚ್ಚರಿಕೆ ಹೇಳುತ್ತಿರುವುದು.

ಹೊಸ ಪ್ಲಾಸ್ಟಿಸಾಲ್ ನೋಡೋಕೆ ಹಾಲಿನ ಹಾಗೆ. ಗಾಜಿನ ಅಳತೆ ಕಪ್ಪಿನಲ್ಲಿ ಹಾಕಿ ಮೈಕ್ರೊವೇವ್‌ನಲ್ಲಿ ಸ್ವಲ್ಪ ಸ್ವಲ್ಪವೇ ಕಾಯಿಸಿ ಕಲಕಬೇಕು. ಮಧ್ಯದಲ್ಲಿ ಗಟ್ಟಿ ಮುದ್ದೆಯಾಗುತ್ತದೆ. ಹೊಸಬರು ಅಲ್ಲಿ ಹೆದರಿ ನಿಲ್ಲಿಸುತ್ತಾರೆ. ನಿಲ್ಲಿಸಬಾರದು. ಇನ್ನೂ ಕಾಯಿಸಿದರೆ ಮುದ್ದೆ ಸಡಿಲಾಗಿ ತಿಳಿಯಾದ ಪಾಕ ಬರುತ್ತದೆ. ಅದೇ ಹದ, ಅದೇ 350 ಡಿಗ್ರಿ. ಥರ್ಮಾಮೀಟರ್ ಇಲ್ಲದೆ ಅಂದಾಜಿನ ಮೇಲೆ ಮಾಡಬೇಡಿ. ಆ ಮೈಕ್ರೊವೇವ್ ಇನ್ನು ಯಾವತ್ತೂ ಊಟಕ್ಕೆ ಬಳಸುವಂತಿಲ್ಲ.

ಹಳೇ ಚೂರುಗಳನ್ನೂ ಕರಗಿಸಬಹುದು. ಆದರೆ ಪ್ರತಿ ಸಲ ಕಾಯಿಸಿದಾಗ ಸ್ವಲ್ಪ ಹಳದಿಯಾಗುತ್ತದೆ, ಸ್ವಲ್ಪ ಗಡುಸಾಗುತ್ತದೆ. ಮೆತ್ತಗಾಗಿಸುವ ದ್ರವ, ಸುಡದ ಹಾಗೆ ತಡೆಯುವ ಸ್ಟೆಬಿಲೈಜರ್ ಬೇರೆಯಾಗಿ ಸಿಗುತ್ತವೆ, ಕೊಂಚ ಸೇರಿಸಬೇಕು. ಎಲ್ಲ ಬಣ್ಣ ಒಟ್ಟಿಗೆ ಕರಗಿಸಿದರೆ ಬರುವುದು ಕೆಸರಿನ ಬಣ್ಣ. ಅದು ಕೆಟ್ಟದ್ದೇನಲ್ಲ, ಕೆರೆಯಲ್ಲಿ ಆ ಬಣ್ಣದ ಮೀನು ಬೇಕಾದಷ್ಟಿವೆ. ಚೂರುಗಳು ಒಂಚೂರೂ ತೇವ ಇಲ್ಲದೆ ಒಣಗಿರಬೇಕು. ಪ್ಲಾಸ್ಟರ್ ಆಫ್ ಪ್ಯಾರಿಸ್ ಅಚ್ಚು ಕೂಡ. ಬಿಸಿ ಎಣ್ಣೆಗೆ ನೀರು ಬಿದ್ದರೆ ಏನಾಗುತ್ತದೆ ಅಂತ ಎಲ್ಲರಿಗೂ ಗೊತ್ತು. ಇದು ಇನ್ನೂ ಕೆಟ್ಟದು, ಚರ್ಮಕ್ಕೆ ಅಂಟಿಕೊಂಡು ಸುಡುತ್ತದೆ. ಚರ್ಮದ ಕೈಗವಸು, ಕನ್ನಡಕ, ಉದ್ದ ತೋಳು, ಆಮ್ಲದ ಅನಿಲ ತಡೆಯುವ ಮಾಸ್ಕ್. ಇವಿಲ್ಲದಿದ್ದರೆ ಎರಕದ ಯೋಚನೆ ಬಿಡಿ.

ಮತ್ತೆ ಲೆಕ್ಕ ಹೇಳುತ್ತೇನೆ, ನಿಮಗೆ ಬೇಕಾಗಿದ್ದು ಅದೇ ಅಲ್ವಾ. ಅಚ್ಚು, ಪ್ಲಾಸ್ಟಿಸಾಲ್, ಬಣ್ಣ, ಮಾಸ್ಕ್, ಇನ್ನೊಂದು ಮೈಕ್ರೊವೇವ್. ನಾನು ಇದುವರೆಗೆ ಒಂದು ಡಾಲರ್ ಕೂಡ ಉಳಿಸಿಲ್ಲ.

ತುಂಗೆ ದಡ

ನಾಲ್ಕು ವಾರ ಬಿಟ್ಟು ಬರೆಯುತ್ತಿದ್ದೇನೆ. ನಿನ್ನೆ ಈ ವರ್ಷದ ಕೊನೆಯ ಸಲ ಮಿಲ್ ಲ್ಯಾಕ್ಸ್‌ಗೆ ಹೋಗಿದ್ದೆ. ಕೋಲಿನಲ್ಲಿ ದಾರ ಹಾಯುವ ಉಂಗುರಗಳಲ್ಲಿ ಐಸ್ ಕಟ್ಟುತ್ತಿತ್ತು. ಬಾಲದ ಬುಡ ನಾಲ್ಕು ಸಲ ಹೆರೆದಿದ್ದೆ, ಕುಣಿತ ವಾಪಸ್ ಬಂದಿದೆ, ಮೊದಲಿನಷ್ಟು ಅಲ್ಲದಿದ್ದರೂ. ಕಾಲು ಔನ್ಸ್ ತೂಕ ಹೊಟ್ಟೆಗೆ ಚುಚ್ಚಿದ್ದೆ.

ಮಧ್ಯಾಹ್ನ ಮೂರಕ್ಕೆ ಒಂದು ಹಿಂಬಾಲಿಸಿ ಬಂತು. ಸೆಪ್ಟೆಂಬರ್‌ನದಕ್ಕಿಂತ ದೊಡ್ಡದು. ಎಂಟರ ಆಕಾರದಲ್ಲಿ ಕೋಲು ಸುತ್ತಿಸಿದೆ, ಮೂರು ಸಲ ತಿರುಗಿತು. ತೇಪೆ ಹಾಕಿದ ಜಾಗಕ್ಕೇ ಮೂತಿ ತಂದು ನಿಲ್ಲಿಸಿತು, ಅಂಗಡಿಯಲ್ಲಿ ಬಟ್ಟೆಯ ಹೊಲಿಗೆ ನೋಡುವವರ ಹಾಗೆ. ಆಮೇಲೆ ನಿಧಾನವಾಗಿ ಇಳಿದು ಹೋಯಿತು.

ಸಂಜೆ ಕತ್ತಲಾಗುವ ಮುಂಚೆ ಇನ್ನೊಂದು, 39 ಇಂಚು, ನೋಡದೆ ಕೇಳದೆ ಬಾಯಿ ಹಾಕಿತು. ತಂತಿ ಗಟ್ಟಿ, ಹೊಟ್ಟೆ ಗಟ್ಟಿ. ಬಾಲ ಬೆಸುಗೆಯಲ್ಲಿ ಬಿಡಲಿಲ್ಲ. ಬೆಸುಗೆಯಿಂದ ಒಂದು ಇಂಚು ಹಿಂದೆ, ಹೊಸ ಜಾಗದಲ್ಲಿ ಪೂರ್ತಿ ಕಿತ್ತುಬಂತು. ಮುಳುಗುತ್ತಿದ್ದ ಬಾಲವನ್ನು ಬಲೆಯಲ್ಲಿ ಎತ್ತಿಕೊಂಡೆ. ಚಳಿಗಾಲದಲ್ಲಿ ಮತ್ತೆ ಕೂರುತ್ತೇನೆ. ಅತ್ತೆ ವಾಪಸ್ ಹೋಗಿದ್ದಾರೆ.

ಸೇಂಟ್ ಕ್ಲೇರ್ ಸೀನ

39ಕ್ಕೆ ಅಭಿನಂದನೆ. ಬೆಸೆಯುವ ಮೊದಲು ತಂತಿ ಇನ್ನೊಂದು ಸಲ ನೋಡಿ.

ಉಳ್ಳಾಲದ ಹುಡುಗ

ಬೆಸುಗೆ ಬಿಡದೆ ಪಕ್ಕದಲ್ಲಿ ಹರಿದಿದ್ದರೆ ಬೆಸುಗೆ ಪಾಸ್ ಅಂತಲೇ ಲೆಕ್ಕ. ನಮ್ಮಲ್ಲಿ ಬಲೆ ಹೆಣೆಯುವವರು ಹಾಗೇ ಹೇಳುವುದು.

ಗಾಳದಣ್ಣ

ಆ ಬಾಲ ಬಿಳಿ ಬಣ್ಣದ್ದೇ ಅಲ್ವಾ? ಎಲ್ಲ ಬೆಸೆದುಬಿಡಬೇಡಿ. ನನ್ನ ಬಿಳಿ ಚೂರಿನ ಚೀಲ ಖಾಲಿಯಾಗಿದೆ. ಎರಡು ಇಂಚು ಅಂಚೆಯಲ್ಲಿ ಕಳಿಸಿ, ಬದಲಿಗೆ ಕಿತ್ತಳೆ ಬೇಕಾದಷ್ಟು ಕೊಡ್ತೀನಿ.